ಟೆಂಪರೇಚರ್ ಮುಳ್ಳು ಮೇಲೆ, ಬ್ಯಾಟರಿ ದೀಪ ಕೆಂಪು: ಎರಡೂ ಒಟ್ಟಿಗೆ ಬಂದರೆ ಮೊದಲು ಬೆಲ್ಟ್ ನೋಡಿ

ಮೂಡಿಗೆರೆ: ಬೆಳಗ್ಗೆ ಮಂಗಳೂರು ಬಂದರಿನಲ್ಲಿ ಸಾಮಾನು ತುಂಬಿಸಿಕೊಂಡು, ಉಜಿರೆಯಲ್ಲಿ ಊಟ ಮುಗಿಸಿ, ಚಾರ್ಮಾಡಿ ಹತ್ತಲು ಶುರು ಮಾಡಿದ ಓಮ್ನಿ ಅರ್ಧ ಘಾಟಿಯಲ್ಲಿ ನಿಂತಿರೋದು ಈ ಭಾಗದವರಿಗೆ ಹೊಸ ದೃಶ್ಯವೇನಲ್ಲ. ಮುಂದಿನ ಸೀಟು ಎತ್ತಿರುತ್ತದೆ, ಅಡಿಯಿಂದ ಹಬೆ ಏಳುತ್ತಿರುತ್ತದೆ, ಡ್ರೈವರ್ ಕೈಯಲ್ಲಿ ನೀರಿನ ಬಾಟಲಿ. ತಣಿಸೋದು, ನೀರು ಹಾಕೋದು, ನಾಲ್ಕು ತಿರುವು ಹತ್ತೋದು, ಮತ್ತೆ ನಿಲ್ಲೋದು. ಕೊಟ್ಟಿಗೆಹಾರ ಮುಟ್ಟುವ ಹೊತ್ತಿಗೆ ಕತ್ತಲಾಗಿ ಹೆಡ್‌ಲೈಟ್ ಹಾಕಿದರೆ ಅದೂ ಮಂಕು.

ಮಾರನೇ ದಿನ ಪೇಟೆಗೆ ಗಾಡಿ ತಂದರೆ ಇನ್ನೊಂದು ಸುತ್ತು ಶುರು. ಮೆಕ್ಯಾನಿಕ್ ರೇಡಿಯೇಟರ್ ಕಟ್ಟಿಕೊಂಡಿದೆ ಅಂತಾರೆ. ರೇಡಿಯೇಟರ್ ಅಂಗಡಿಯವರು ಹೆಡ್ ಗ್ಯಾಸ್ಕೆಟ್ ಇರಬಹುದು ಅಂತಾರೆ. ಎಲೆಕ್ಟ್ರಿಷಿಯನ್ ಬ್ಯಾಟರಿ ಹೋಗಿದೆ, ಹೊಸದು ಹಾಕಿ ಅಂತಾರೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿರೋದಿಲ್ಲ. ತಾಲೂಕು ಪೇಟೆಗಳಲ್ಲಿ ಈ ಕೆಲಸಗಳು ಬೇರೆ ಬೇರೆ ಅಂಗಡಿಗೆ ಹಂಚಿಹೋಗಿವೆ, ಒಬ್ಬೊಬ್ಬರು ತಮ್ಮ ಕಡೆಯಿಂದ ಕಂಡಷ್ಟನ್ನು ಹೇಳುತ್ತಾರೆ. ಆದರೆ ಬ್ಯಾಟರಿಗೂ ರೇಡಿಯೇಟರಿಗೂ ದುಡ್ಡು ಕೊಟ್ಟು, ಮುಂದಿನ ವಾರ ಅದೇ ತಿರುವಿನಲ್ಲಿ ಮತ್ತೆ ನಿಲ್ಲುವವರು ಗಾಡಿಯವರು.

ಇಂಜಿನ್ ಬಿಸಿಯಾಗೋದು, ಬ್ಯಾಟರಿ ಚಾರ್ಜ್ ಆಗದೇ ಇರೋದು ಎರಡು ರೋಗ ಅನ್ನಿಸಿದರೂ, ಒಂದೇ ಹೊತ್ತಿಗೆ ಬಂದರೆ ಬಹಳ ಸಲ ಅದು ಒಂದೇ ರೋಗ. ಎರಡಕ್ಕೂ ಸಮಾನವಾಗಿ ಇರುವ ವಸ್ತುಗಳು ಮೂರು: ಬೆಲ್ಟ್, ರೇಡಿಯೇಟರ್ ಫ್ಯಾನಿಗೆ ಹೋಗುವ ಕರೆಂಟು, ಅರ್ಥ್ ವಯರ್. ಇವನ್ನು ನೋಡದೆ ಯಾವ ಸಾಮಾನನ್ನೂ ಬದಲಿಸಬಾರದು.

ಒಂದು ಬೆಲ್ಟಿಗೆ ಎರಡು ಕೆಲಸ

ಮಾರುತಿ 800 ಮತ್ತು ಓಮ್ನಿಯಲ್ಲಿ ಇರೋದು ಒಂದೇ ಬಗೆಯ 796 ಸಿಸಿ, ಮೂರು ಸಿಲಿಂಡರಿನ ಇಂಜಿನ್. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಆದರೂ ಕಿರಾಣಿ, ತರಕಾರಿ, ಗ್ಯಾಸ್ ಒಲೆ ರಿಪೇರಿ, ಶಾಮಿಯಾನ ಅಂತ ತಾಲೂಕಿನ ಅರ್ಧ ವ್ಯಾಪಾರ ಇನ್ನೂ ಅದರ ಬೆನ್ನ ಮೇಲೇ ನಡೆಯುತ್ತಿದೆ. ಈ ಇಂಜಿನ್ನಿನ ಕ್ರ್ಯಾಂಕ್ ಪುಲ್ಲಿಯಿಂದ ಒಂದು ರಬ್ಬರ್ ಬೆಲ್ಟ್ ಹೊರಟು ಎರಡು ವಸ್ತುಗಳನ್ನು ತಿರುಗಿಸುತ್ತದೆ. ಒಂದು ವಾಟರ್ ಪಂಪ್, ಇನ್ನೊಂದು ಆಲ್ಟರ್ನೇಟರ್. ಗ್ಯಾರೇಜಿನಲ್ಲಿ ಆಲ್ಟರ್ನೇಟರಿಗೆ ಈಗಲೂ ಡೈನಮೋ ಅಂತಲೇ ಕರೆಯೋದು, ಬೆಲ್ಟಿಗೆ ಫ್ಯಾನ್ ಬೆಲ್ಟ್ ಅಂತ. ತಮಾಷೆ ಅಂದರೆ ಈ ಗಾಡಿಗಳಲ್ಲಿ ಫ್ಯಾನಿಗೂ ಆ ಬೆಲ್ಟಿಗೂ ಸಂಬಂಧವೇ ಇಲ್ಲ, ಫ್ಯಾನಿಗೆ ಬೇರೆ ಮೋಟಾರ್ ಇದೆ. ಹಳೇ ಜೀಪು, ಲಾರಿಗಳ ಕಾಲದ ಹೆಸರು ಹಾಗೇ ಉಳಿದುಕೊಂಡಿದೆ.

ಬೆಲ್ಟ್ ಹರಿದರೆ ವಾಟರ್ ಪಂಪ್ ನಿಲ್ಲುತ್ತದೆ, ನೀರು ಸುತ್ತೋದು ನಿಂತು ಇಂಜಿನ್ ಬಿಸಿಯಾಗುತ್ತದೆ. ಅದೇ ಕ್ಷಣ ಡೈನಮೋ ಕೂಡ ನಿಂತು ಮೀಟರ್ ಬೋರ್ಡಿನಲ್ಲಿ ಕೆಂಪು ಬ್ಯಾಟರಿ ದೀಪ ಹತ್ತುತ್ತದೆ. ದೀಪ ಮೊದಲು, ಮುಳ್ಳು ಮೇಲೇಳೋದು ಸ್ವಲ್ಪ ಆಮೇಲೆ. ಘಾಟಿ ಹತ್ತುವಾಗ ಈ ನಡುವಿನ ಸಮಯ ತೀರಾ ಕಡಿಮೆ, ಕೆಲವೇ ನಿಮಿಷ. ಬ್ಯಾಟರಿ ದೀಪ ತಾನೇ, ಮೇಲೆ ಹೋಗಿ ನೋಡಿದರಾಯ್ತು ಅಂತ ಓಡಿಸಿದವರು ಹೆಡ್ ಬೆಂಡ್ ಮಾಡಿಕೊಳ್ಳೋದು ಇಲ್ಲೇ. ಬೆಲ್ಟಿನ ಬೆಲೆ ಕೆಲವು ನೂರು ರೂಪಾಯಿ. ಹೆಡ್ ಬಿಚ್ಚಿ, ಲೇತಿನಲ್ಲಿ ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಹಾಕಿ ಕೂರಿಸೋಕೆ ಸಾವಿರಗಳ ಲೆಕ್ಕ, ಜೊತೆಗೆ ಗಾಡಿಯಿಲ್ಲದೆ ವ್ಯಾಪಾರ ನಿಂತ ದಿನಗಳ ನಷ್ಟ.

ಹರಿದ ಬೆಲ್ಟ್ ಕಣ್ಣಿಗೆ ಕಾಣುತ್ತದೆ. ಸಡಿಲವಾದ ಬೆಲ್ಟ್ ಹಾಗಲ್ಲ, ಅದೇ ಹೆಚ್ಚು ಜನರನ್ನು ದಾರಿ ತಪ್ಪಿಸೋದು. ಊರೊಳಗೆ ಓಡಾಡುವಾಗ ಏನೂ ಗೊತ್ತಾಗದು. ಘಾಟಿಯಲ್ಲಿ ಲೋಡಿನ ಜೊತೆ ಸೆಕೆಂಡ್ ಗೇರಿನಲ್ಲಿ ಇಂಜಿನ್ ಜೋರಾಗಿ ತಿರುಗುವಾಗ, ಮೇಲಿಂದ ಹೆಡ್‌ಲೈಟ್, ವೈಪರ್, ರೇಡಿಯೇಟರ್ ಫ್ಯಾನ್ ಎಲ್ಲ ಒಟ್ಟಿಗೆ ಕರೆಂಟ್ ಎಳೆಯುವಾಗ, ಡೈನಮೋ ಭಾರವಾಗಿ ಬೆಲ್ಟ್ ಪುಲ್ಲಿಯ ಮೇಲೆ ಜಾರಲು ಶುರು. ಚಾರ್ಜೂ ಕಡಿಮೆ, ಪಂಪೂ ನಿಧಾನ. ದೀಪ ಪೂರ್ತಿ ಹತ್ತುವ ಬದಲು ಮಸುಕಾಗಿ ಮಿಣುಕಬಹುದು. ಮಲೆನಾಡಿನ ಮಳೆಗಾಲದಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೀಂ ಅನ್ನುವ ಸದ್ದು ಬಂದು, ಆಮೇಲೆ ನಿಂತರೆ ಅದು ಬೆಲ್ಟಿನ ಕೂಗು. ಎರಡು ದಿನ ಕೂಗಿದರೆ ತೇವ ಅನ್ನಬಹುದು, ದಿನಾ ಕೂಗಿದರೆ ಬೆಲ್ಟ್ ನೋಡಲೇಬೇಕು.

ನೋಡೋದು ಹೀಗೆ. ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪಂಚೆ, ಟವೆಲ್, ಕೊರಳ ಚೈನು ಹತ್ತಿರ ಬಾರದಂತೆ ನೋಡಿಕೊಳ್ಳಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆ, ಬೆರಳು ಜೋಪಾನ. ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗದಲ್ಲಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ಒಳಗೆ ಹೋಗಬೇಕು. ಅದಕ್ಕಿಂತ ತುಂಬಾ ಹೆಚ್ಚು ಹೋದರೆ ಸಡಿಲ. ಆಮೇಲೆ ಬೆಲ್ಟನ್ನು ಮಗುಚಿ ಒಳಮೈ ನೋಡಿ. ಅಡ್ಡ ಬಿರುಕು, ಅಂಚಿನ ನೂಲು ಎದ್ದಿರೋದು, ಗಾಜಿನ ಹಾಗೆ ಹೊಳೆಯೋದು ಇದ್ದರೆ ಟೈಟ್ ಮಾಡಿ ಪ್ರಯೋಜನವಿಲ್ಲ, ಬದಲಿಸಬೇಕು. ಆಯಿಲ್ ಅಥವಾ ಕೂಲೆಂಟ್ ಕುಡಿದ ಬೆಲ್ಟಿಗೂ ಇದೇ ಮಾತು.

ಓಮ್ನಿಯಂಥ ಗಾಡಿಯಲ್ಲಿ ಬೆಲ್ಟ್ ಬದಲಿಸೋದು ದೊಡ್ಡ ವಿದ್ಯೆಯಲ್ಲ. ಡೈನಮೋದ ಅಡ್ಜಸ್ಟ್ ಬೋಲ್ಟ್ ಸಡಿಲಿಸಿ, ಅದನ್ನು ಇಂಜಿನ್ ಕಡೆ ತಳ್ಳಿ, ಬೆಲ್ಟ್ ಕೂರಿಸಿ, ಲಿವರ್ ಹಾಕಿ ಹೊರಗೆ ಎಳೆದು ಬೋಲ್ಟ್ ಬಿಗಿ ಮಾಡಿದರೆ ಮುಗೀತು. ಆದರೆ ಜಾರದಿರಲಿ ಅಂತ ವೀಣೆಯ ತಂತಿ ಹಾಗೆ ಬಿಗಿದರೆ ವಾಟರ್ ಪಂಪಿನ ಬೇರಿಂಗೂ ಡೈನಮೋ ಬೇರಿಂಗೂ ಬೇಗ ಸವೆಯುತ್ತವೆ. ಹೊಸ ಬೆಲ್ಟ್ ಒಂದೆರಡು ದಿನದಲ್ಲಿ ಸ್ವಲ್ಪ ಹಿಗ್ಗುತ್ತದೆ, ಆಗ ಮತ್ತೊಮ್ಮೆ ಬಿಗಿ ಮಾಡಬೇಕು. ಈ ಎರಡನೇ ಸಲದ ಬಿಗಿಯನ್ನೇ ಎಲ್ಲರೂ ಮರೆಯೋದು.

ಬೆಲ್ಟ್ ಪದೇ ಪದೇ ಹರಿಯುತ್ತಿದ್ದರೆ ತಪ್ಪು ಬೆಲ್ಟಿನದಲ್ಲ. ಬೆಲ್ಟ್ ತೆಗೆದು ಪಂಪ್ ಪುಲ್ಲಿಯನ್ನೂ ಡೈನಮೋ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ ನೋಡಬೇಕು. ಕರಕರ ಸದ್ದು, ಹಿಡಿದು ಅಲ್ಲಾಡಿಸಿದರೆ ಆಟ, ಅಥವಾ ಅರ್ಧಕ್ಕೆ ಸಿಕ್ಕಿಕೊಳ್ಳೋದು ಇದ್ದರೆ ಆ ಬೇರಿಂಗ್ ಹೋಗಿದೆ. ಡೈನಮೋ ಬೇರಿಂಗ್ ಜಾಮ್ ಆದರೆ ಬೆಲ್ಟ್ ಸುಟ್ಟು ಹರಿದು ಇಂಜಿನ್ ಬಿಸಿಯಾಗುತ್ತದೆ. ಅಂದರೆ ಎಲೆಕ್ಟ್ರಿಕಲ್ ಸಾಮಾನು ಕೆಟ್ಟು ಇಂಜಿನ್ ಹಾಳಾಯಿತು. ಇದರ ಉಲ್ಟಾ ಕೂಡ ಉಂಟು. ವಾಟರ್ ಪಂಪಿನ ಸೀಲ್ ಹೋದಾಗ ನೀರು ಹೊರಬರಲಿ ಅಂತಲೇ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಹನಿಯುವ ಕೂಲೆಂಟ್ ಬೆಲ್ಟಿನ ಮೇಲೆ ಚಿಮ್ಮಿ, ಬೆಲ್ಟ್ ಜಾರಿ, ಬ್ಯಾಟರಿ ಇಳಿಯುತ್ತದೆ. ಗಾಡಿಯವರು ಹೊಸ ಬ್ಯಾಟರಿ ತರುತ್ತಾರೆ, ಅದೂ ಇಳಿಯುತ್ತದೆ.

ಹೊಸ ಕಾರುಗಳಲ್ಲಿ ಅಗಲವಾದ, ಉದ್ದ ಗೆರೆಗಳಿರುವ ಒಂದೇ ಬೆಲ್ಟ್ ಡೈನಮೋ, ಎಸಿ ಕಂಪ್ರೆಸರ್, ಎಷ್ಟೋ ಕಡೆ ವಾಟರ್ ಪಂಪ್ ಎಲ್ಲವನ್ನೂ ತಿರುಗಿಸುತ್ತದೆ. ಹಳೇ ಜೀಪುಗಳಲ್ಲಿ ಫ್ಯಾನ್ ಕೂಡ ಬೆಲ್ಟಿಗೇ ಸೇರಿದ್ದು, ಹಾಗಾಗಿ ಬೆಲ್ಟ್ ಹೋದರೆ ಮೂರೂ ಹೋದವು. ಕೆಲವು ಇಂಜಿನ್‌ಗಳಲ್ಲಿ ಮಾತ್ರ ವಾಟರ್ ಪಂಪನ್ನು ಒಳಗಿನ ಟೈಮಿಂಗ್ ಬೆಲ್ಟ್ ತಿರುಗಿಸುತ್ತದೆ. ಅಂಥ ಗಾಡಿಯಲ್ಲಿ ಹೊರಗಿನ ಬೆಲ್ಟ್ ಹೋದರೆ ಚಾರ್ಜ್ ಮಾತ್ರ ನಿಲ್ಲುತ್ತದೆ, ಇಂಜಿನ್ ಬಿಸಿಯಾಗಬೇಕಿಲ್ಲ. ನಿಮ್ಮ ಗಾಡಿ ಯಾವ ಜಾತಿ ಅಂತ ಈಗಲೇ ಮೆಕ್ಯಾನಿಕ್ ಹತ್ತಿರ ಕೇಳಿ ಇಟ್ಟುಕೊಂಡರೆ ಒಳ್ಳೇದು. ಘಾಟಿಯಲ್ಲಿ ನಿಂತು ಕೇಳೋಣ ಅಂದರೆ ಎಲ್ಲ ತಿರುವಿನಲ್ಲೂ ಸಿಗ್ನಲ್ ಸಿಗೋದಿಲ್ಲ.

ಫ್ಯಾನ್ ತಿರುಗುತ್ತದೆ, ಆದರೆ ಗಾಳಿ ಇಲ್ಲ

ಬೆಲ್ಟ್ ಸರಿ ಇದೆ ಅಂತಿಟ್ಟುಕೊಳ್ಳಿ. ಎರಡನೇದು ರೇಡಿಯೇಟರ್ ಫ್ಯಾನ್. ಬಯಲು ರಸ್ತೆಯಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಘಾಟಿಯಲ್ಲಿ, ಸಂತೆ ದಿನದ ಪೇಟೆ ರಸ್ತೆಯಲ್ಲಿ ಆ ಗಾಳಿ ಇರೋದಿಲ್ಲ, ಎಲ್ಲ ಫ್ಯಾನಿನ ಮೇಲೆ. ಹಾಗಾಗಿ ಹೈವೇಯಲ್ಲಿ ಸರಿಯಿದ್ದು ನಿಂತಾಗ, ಹತ್ತುವಾಗ ಮಾತ್ರ ಬಿಸಿಯಾದರೆ ಮೊದಲ ಅನುಮಾನ ಫ್ಯಾನ್. ಬಯಲಲ್ಲಿ ಜೋರಾಗಿ ಓಡಿಸಿದಾಗಲೂ ಬಿಸಿಯಾದರೆ ನೀರಿನ ಓಟದ ಕಡೆ, ಅಂದರೆ ಪಂಪ್, ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್ ಕಡೆ ನೋಡಬೇಕು.

ಚಾರ್ಜಿಂಗ್ ಸರಿಯಿಲ್ಲದಿದ್ದರೆ ಫ್ಯಾನಿಗೂ ಕರೆಂಟು ಸಾಲದು. 14 ವೋಲ್ಟ್ ಸಿಗಬೇಕಾದ ಮೋಟಾರಿಗೆ 11 ವೋಲ್ಟ್ ಸಿಕ್ಕರೆ ಅದು ತಿರುಗುತ್ತದೆ, ಆದರೆ ನಿಧಾನ. ನೋಡಿದವರು ಫ್ಯಾನ್ ಓಡ್ತಾ ಇದೆಯಲ್ಲ ಅಂದುಕೊಂಡು ರೇಡಿಯೇಟರ್ ಬಿಚ್ಚುತ್ತಾರೆ. ಎಸಿ ಇರುವ ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಕೂಡಲೇ ಫ್ಯಾನ್ ಶುರುವಾಗುತ್ತದೆ, ಇದೇ ಸುಲಭ ಪರೀಕ್ಷೆ. ಎಸಿ ಇಲ್ಲದ ಗಾಡಿಯನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ ಇಟ್ಟು ಮುಳ್ಳು ಅರ್ಧ ದಾಟುವಾಗ ಫ್ಯಾನ್ ಬರುತ್ತದಾ ನೋಡಿ. ಬರದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ಫ್ಯಾನಿನ ಸ್ವಿಚ್ ಅಥವಾ ಸೆನ್ಸರ್, ಕೊನೆಗೆ ಮೋಟಾರ್. ಬ್ಯಾಟರಿಯಿಂದ ನೇರ ಎರಡು ವಯರ್ ಎಳೆದು ಕೊಟ್ಟರೆ ಮೋಟಾರ್ ಜೋರಾಗಿ ಓಡುತ್ತದೆ ಅಂತಾದರೆ ಮೋಟಾರ್ ಬದಲಿಸೋ ಮಾತೇ ಬೇಡ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಮೋಟಾರ್ ಜಾಮ್ ಆಗಿದೆ ಅಥವಾ ವಯರ್ ಎಲ್ಲೋ ಉಜ್ಜಿದೆ. ದೊಡ್ಡ ಫ್ಯೂಸ್ ಹಾಕೋದು, ತಂತಿ ಸುತ್ತೋದು ಬೆಂಕಿಗೆ ದಾರಿ.

ಅರ್ಥ್ ವಯರ್ ಮಾಡುವ ಮೋಸ

ಮೂರನೇದು ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಕಡಿಮೆ ಜನ ನೋಡೋದು. ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ ಒಂದು, ಇಂಜಿನ್ನಿಗೆ ಒಂದು ದಪ್ಪ ವಯರ್ ಹೋಗಿರುತ್ತದೆ. ಬೋಲ್ಟಿನ ಜಾಗದಲ್ಲಿ ತುಕ್ಕು, ಹಸಿರು ಪುಡಿ ಹಿಡಿದರೆ ಕರೆಂಟು ವಾಪಸ್ ಬರೋಕೆ ದಾರಿ ಇಲ್ಲ. ಡೈನಮೋ ಸರಿಯಾಗಿ ಕರೆಂಟ್ ಮಾಡಿದರೂ ಬ್ಯಾಟರಿಗೆ ಮುಟ್ಟೋದಿಲ್ಲ. ಟೆಂಪರೇಚರ್ ಮುಳ್ಳಿನ ಸೆನ್ಸರ್ ಕೂಡ ಹಳೇ ಗಾಡಿಗಳಲ್ಲಿ ಇಂಜಿನ್ ಮೂಲಕವೇ ಅರ್ಥ್ ಪಡೆಯೋದು, ಅದರ ಲೆಕ್ಕವೂ ತಪ್ಪುತ್ತದೆ.

ಗುರುತು ಹಿಡಿಯೋಕೆ ಒಂದು ಉಪಾಯ ಉಂಟು. ಇಂಜಿನ್ ಓಡುತ್ತಿರುವಾಗ ಮುಳ್ಳನ್ನು ನೋಡುತ್ತಾ ಹೆಡ್‌ಲೈಟ್ ಹಾಕಿ. ಹಾಕಿದ ಕ್ಷಣವೇ ಮುಳ್ಳು ಜಿಗಿದರೆ, ಆರಿಸಿದ ಕೂಡಲೇ ವಾಪಸ್ ಬಂದರೆ, ಅದು ಬಿಸಿಯಲ್ಲ. ನೀರು ಒಂದು ಸೆಕೆಂಡಿನಲ್ಲಿ ಬಿಸಿಯಾಗಿ ಇನ್ನೊಂದು ಸೆಕೆಂಡಿನಲ್ಲಿ ತಣಿಯೋದಿಲ್ಲವಲ್ಲ. ಅರ್ಥ್ ಅಥವಾ ಮೀಟರಿನ ವಯರಿಂಗ್ ಕೆಟ್ಟಿದೆ ಅಂತ ಅರ್ಥ. ಬ್ಯಾಟರಿ ಮೈನಸ್ ಬಿಚ್ಚಿ, ಉಪ್ಪುಕಾಗದದಿಂದ ಎರಡೂ ತುದಿ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ಎಷ್ಟೋ ಗಾಡಿಗಳ ರೋಗ ಅಲ್ಲಿಗೇ ಮುಗಿಯುತ್ತದೆ.

ಮಲ್ಟಿಮೀಟರ್ ಹೇಳುವ ನಾಲ್ಕು ಮಾತು

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟ್‌ಗೆ ಇಟ್ಟು ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ.

ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು 12.6 ಆಸುಪಾಸು ಬಂದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಬಹುತೇಕ ಖಾಲಿ. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.5ರ ಒಳಗೆ ಇರಬೇಕು. ಸ್ಟಾರ್ಟ್ ಆದ ಮೇಲೂ 12.4, 12.3 ಅಂತ ಇಳಿಯುತ್ತಾ ಹೋದರೆ ಡೈನಮೋದಿಂದ ಏನೂ ಬರುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಆಗ ಬ್ಯಾಟರಿ ನೀರು ಕುದಿಯುತ್ತದೆ, ಬಲ್ಬ್‌ಗಳು ಸುಡುತ್ತವೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ತೀರಾ ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಸಿ ಇಳಿಸಿ ಮಾಡುತ್ತದೆ, ಅಲ್ಲಿ ಒಂದೇ ಸಲದ ಅಳತೆ ನೋಡಿ ತೀರ್ಮಾನ ಮಾಡಬಾರದು.

ಇನ್ನು ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿ ಮತ್ತೆ ನೋಡಿ. 13.5ರ ಮೇಲೆ ನಿಂತರೆ ಡೈನಮೋ ಗಟ್ಟಿ. ಲೋಡ್ ಹಾಕಿದ ಕೂಡಲೇ 12.5ಕ್ಕೆ ಬಿದ್ದರೆ ಬೆಲ್ಟ್ ಜಾರುತ್ತಿದೆ, ಅಥವಾ ಡೈನಮೋದ ಕಾರ್ಬನ್ ಬ್ರಷ್ ಸವೆದಿದೆ, ಅಥವಾ ಒಂದು ಡಯೋಡ್ ಸುಟ್ಟಿದೆ. ಅದೇ ಲೋಡಿನಲ್ಲಿ ಒಂದು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೂ ಇನ್ನೊಂದನ್ನು ಇಂಜಿನ್ನಿನ ಬರೀ ಲೋಹಕ್ಕೂ ಮುಟ್ಟಿಸಿದರೆ ಸೊನ್ನೆಯ ಹತ್ತಿರ ಬರಬೇಕು. 0.3 ವೋಲ್ಟ್ ದಾಟಿದರೆ ಮೇಲೆ ಹೇಳಿದ ಅರ್ಥ್ ದೋಷ.

ಡಯೋಡ್ ಬಗ್ಗೆ ಇನ್ನೊಂದು ಮಾತು. ರಾತ್ರಿಯಿಡೀ ನಿಂತ ಗಾಡಿಯ ಡೈನಮೋ ಬೆಳಗ್ಗೆ ಮುಟ್ಟಿದರೆ ಬೆಚ್ಚಗಿದ್ದರೆ ಡಯೋಡ್ ಸೋರುತ್ತಿದೆ, ಬ್ಯಾಟರಿಯನ್ನು ರಾತ್ರಿಯೆಲ್ಲ ಹೀರಿದೆ. ಹಾಗೇ ಕೀ ಆನ್ ಮಾಡಿದಾಗ ಬ್ಯಾಟರಿ ದೀಪ ಹತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಆನ್ ಮಾಡಿದಾಗ ಹತ್ತದೇ ಇದ್ದರೆ ಸಂತೋಷ ಪಡಬೇಡಿ. ಹಳೇ ಗಾಡಿಗಳಲ್ಲಿ ಆ ಪುಟ್ಟ ಬಲ್ಬಿನ ಮೂಲಕವೇ ಡೈನಮೋಗೆ ಮೊದಲ ಕರೆಂಟು ಹೋಗೋದು. ಬಲ್ಬ್ ಸುಟ್ಟರೆ ಡೈನಮೋ ಎದ್ದೇಳೋದೇ ಇಲ್ಲ.

ಗ್ಯಾರೇಜುಗಳಲ್ಲಿ ಇನ್ನೂ ಕಾಣುವ ಒಂದು ಅಭ್ಯಾಸ ನಿಲ್ಲಬೇಕು. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ಗಾಡಿ ನಿಲ್ಲದಿದ್ದರೆ ಡೈನಮೋ ಸರಿಯಿದೆ ಅನ್ನೋದು. ಅಂಬಾಸಿಡರ್ ಕಾಲದಲ್ಲಿ ನಡೆಯುತ್ತಿತ್ತು. ಕಂಪ್ಯೂಟರ್ ಇರುವ ಗಾಡಿಯಲ್ಲಿ ಹೀಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಹಾರಿ ಡಯೋಡೂ ಕಂಪ್ಯೂಟರೂ ಸುಡಬಹುದು. ಯಾರಾದರೂ ಸ್ಪ್ಯಾನರ್ ಹಿಡಿದು ಬಂದರೆ ಬೇಡ ಅನ್ನಿ, ಗಾಡಿ ನಿಮ್ಮದು.

ನೀರಿನ ಕಡೆಯ ರೋಗಗಳು

ಬೆಲ್ಟ್, ಫ್ಯಾನ್, ಅರ್ಥ್ ಮೂರೂ ಸರಿಯಿದ್ದೂ ಬಿಸಿಯಾದರೆ ಆಗ ರೇಡಿಯೇಟರಿನವರ ಮಾತಿಗೆ ಬೆಲೆ. ತಣ್ಣಗಿರುವಾಗ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಕಡಿಮೆಯಿದ್ದರೆ ಎಲ್ಲಿಂದಲೋ ಹೋಗುತ್ತಿದೆ. ಹೋಸ್ ಪೈಪಿನ ತುದಿ, ಕ್ಲಿಪ್ಪು, ಪಂಪಿನ ಅಡಿ, ಕಾರಿನೊಳಗೆ ಕಾಲಿಡುವ ಮ್ಯಾಟಿನ ತೇವ (ಹೀಟರ್ ಸೋರಿದರೆ ನೀರು ಅಲ್ಲಿಗೆ ಬರುತ್ತದೆ) ಎಲ್ಲ ನೋಡಬೇಕು. ಮುಚ್ಚಳದ ರಬ್ಬರ್ ವಾಷರ್ ಕೂಡ ಮರೆಯಬಾರದು. ಆ ಮುಚ್ಚಳ ಒಳಗೆ ಸುಮಾರು 0.9 ಬಾರ್ ಒತ್ತಡ ಹಿಡಿದಿಡುವುದರಿಂದಲೇ ನೀರು 100 ಡಿಗ್ರಿ ದಾಟಿದರೂ ಕುದಿಯೋದಿಲ್ಲ. ಸಾವಿರ ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಸೋರುವ ಮುಚ್ಚಳ ಹಾಕಿಕೊಂಡು ಘಾಟಿ ತುದಿಗೆ ಬಂದರೆ ರೇಡಿಯೇಟರಿಗೂ ಅದೇ ಗತಿ.

ಇಂಜಿನ್ ಬಿಸಿಯಾದ ಮೇಲೆ ಮೇಲಿನ ಹೋಸ್ ಸುಡುವಷ್ಟು ಬಿಸಿ, ಕೆಳಗಿನ ಹೋಸ್ ತಣ್ಣಗೆ ಇದ್ದರೆ ನೀರು ರೇಡಿಯೇಟರಿನೊಳಗೆ ಹಾಯುತ್ತಿಲ್ಲ, ಕಟ್ಟಿಕೊಂಡಿದೆ. ಎರಡೂ ತಣ್ಣಗಿದ್ದು ಮುಳ್ಳು ಮಾತ್ರ ಮೇಲಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ ಅನ್ನುವ ಅನುಮಾನ. ಕೆಲವರು ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ಈ ಊರಿಗೆ ವಾಲ್ವ್ ಯಾಕೆ ಸ್ವಾಮಿ ಅಂತಾರೆ. ಇಂಜಿನ್ ಬೇಕಾದ ಬಿಸಿಗೆ ಬರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ನೂರಿನ್ನೂರು ಉಳಿಸಿ ತಿಂಗಳು ತಿಂಗಳು ಬಂಕಿಗೆ ಕಟ್ಟಿದ ಹಾಗೆ.

ರೇಡಿಯೇಟರ್ ಕಟ್ಟಿಕೊಳ್ಳೋಕೆ ಮುಖ್ಯ ಕಾರಣ ಬೋರ್‌ವೆಲ್ ನೀರು. ಪಾತ್ರೆಯ ತಳದಲ್ಲಿ ಕೂರುವ ಅದೇ ಬಿಳಿ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳೊಳಗೂ ಕೂರುತ್ತದೆ. ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ, ಡಬ್ಬದ ಮೇಲೆ ಬರೆದ ಅಳತೆಯಲ್ಲಿ ಬೆರೆಸಿ ಹಾಕಬೇಕು. ರೆಡಿ ಮಿಕ್ಸ್ ಅಂತ ಇದ್ದರೆ ನೀರು ಸೇರಿಸೋದೇ ಬೇಡ. ಸೋರಿಕೆಗೆ ಅರಿಶಿನ ಪುಡಿ ಹಾಕುವ ಉಪಾಯ ಡ್ರೈವರ್‌ಗಳಿಗೆಲ್ಲ ಗೊತ್ತು. ಮನೆ ಮುಟ್ಟೋಕೆ ಆದೀತು, ಆದರೆ ತೂತನ್ನು ಮುಚ್ಚಿದ ಅರಿಶಿನ ಕೊಳವೆಯನ್ನೂ ಮುಚ್ಚುತ್ತದೆ. ಹಾಗೇ ಓಮ್ನಿಯಲ್ಲಿ ರೇಡಿಯೇಟರ್ ಮುಂದೆ, ಇಂಜಿನ್ ಸೀಟಿನಡಿ, ನಡುವೆ ಉದ್ದ ಪೈಪು. ನೀರು ಬದಲಿಸಿದಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಎಲ್ಲ ಹೊಸದಾಗಿದ್ದರೂ ಬಿಸಿಯಾಗುತ್ತದೆ. ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವ ತನಕ ನೀರು ಸೇರಿಸುತ್ತಾ ಗಾಳಿ ತೆಗೆಯಬೇಕು. ಗುಳ್ಳೆ ನಿಲ್ಲದೇ ಬರುತ್ತಲೇ ಇದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ, ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆ ಗಾಡಿಯನ್ನು ಓಡಿಸಿಕೊಂಡು ಹೋಗಬಾರದು, ಎಳೆಸಿಕೊಂಡೇ ಹೋಗಬೇಕು.

ಬಸಿದ ಕೂಲೆಂಟನ್ನು ಚರಂಡಿ ಬದಿಗೆ ಚೆಲ್ಲಬೇಡಿ. ಹೆಚ್ಚಿನ ಕೂಲೆಂಟುಗಳಲ್ಲಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿ, ದನ ನೆಕ್ಕಿದರೆ ವಿಷ.

ಘಾಟಿಯಲ್ಲಿ ನಿಂತಾಗ

ದೀಪ ಮತ್ತು ಮುಳ್ಳು ಎರಡೂ ಎದ್ದರೆ ಮುಂದಿನ ತಿರುವು, ಅಂಗಡಿ ಅಂತ ಕಾಯದೆ, ಅಗಲ ಜಾಗ ಕಂಡಲ್ಲಿ ಎಡಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಬೇಕು. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಬೆಲ್ಟ್ ಸರಿಯಿದ್ದು ಮುಳ್ಳು ಮಾತ್ರ ಏರುತ್ತಿದ್ದರೆ ಎಸಿ ಆರಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಿ. ಬೆವರು ಕಿತ್ತುಕೊಂಡು ಬಂದರೂ ಇಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬಂದು ಇಳಿಯುತ್ತದೆ. ಹಬೆ ಬರುತ್ತಿದ್ದರೂ ಮುಳ್ಳು ಫಕ್ಕನೆ ಕೆಳಗೆ ಬಿದ್ದರೆ ತಣಿಯಿತು ಅಂದುಕೊಳ್ಳಬೇಡಿ. ನೀರೆಲ್ಲ ಖಾಲಿಯಾಗಿ ಸೆನ್ಸರಿಗೆ ಮುಟ್ಟೋಕೆ ಏನೂ ಉಳಿಯದಿದ್ದಾಗಲೂ ಮುಳ್ಳು ಹಾಗೇ ಬೀಳುತ್ತದೆ. ಅದೇ ಅತಿ ಅಪಾಯದ ಹೊತ್ತು.

ರೇಡಿಯೇಟರ್ ಮುಚ್ಚಳವನ್ನು ಅರ್ಧ ಮುಕ್ಕಾಲು ಗಂಟೆ ಮುಟ್ಟಬಾರದು. ಒತ್ತಡದಲ್ಲಿರುವ ನೀರು ಮುಚ್ಚಳ ತಿರುಗಿಸಿದ ಕೂಡಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಮೇಲಿನ ಹೋಸ್ ಹಿಸುಕಿದರೆ ಮೆತ್ತಗಾಗಿರಬೇಕು, ಕೈಗೆ ಸುಡಬಾರದು. ಆಗ ದಪ್ಪ ಬಟ್ಟೆ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿ, ಮೊದಲ ಹಲ್ಲಿನ ತನಕ ಮಾತ್ರ ತಿರುಗಿಸಿ ಹಬೆ ಬಿಡಿ. ಬಿಸಿ ಇಂಜಿನ್ನಿಗೆ ಹಳ್ಳದ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ.

ಹೇಗೂ ಇಳಿಜಾರು, ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಚಾರ್ಮಾಡಿ ಊರಿಗೆ ವಾಪಸ್ ಉರುಳಿಸೋಣ ಅನ್ನುವವರಿದ್ದಾರೆ. ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಇಂಜಿನ್ ನಿಂತ ಮೇಲೆ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟು ಸಹಾಯ ಮಾತ್ರ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಕೀ ತೆಗೆದರೆ ಸ್ಟೇರಿಂಗ್ ಲಾಕ್. ಲೋಡ್ ಗಾಡಿಯಲ್ಲಿ ಹೇರ್‌ಪಿನ್ ತಿರುವಿನಲ್ಲಿ ಇದನ್ನು ಮಾಡೋದು ಸಾಯೋ ಕೆಲಸ.

ಬೆಲ್ಟ್ ತಿರುಗುತ್ತಿದೆ, ಇಂಜಿನ್ ತಣ್ಣಗಿದೆ, ಡೈನಮೋ ಮಾತ್ರ ಸತ್ತಿದೆ ಅಂತಾದರೆ ಬ್ಯಾಟರಿಯ ಮೇಲೇ ಸ್ವಲ್ಪ ದೂರ ಹೋಗಬಹುದು. ಲೆಕ್ಕ ಹೀಗಿದೆ. ಎರಡು ಹೆಡ್‌ಲೈಟ್ ಬಲ್ಬಿಗೆ ಸುಮಾರು 9ರಿಂದ 10 ಆಂಪಿಯರ್, ಅದರ ಜೊತೆ ರೇಡಿಯೇಟರ್ ಫ್ಯಾನ್, ಇಗ್ನಿಷನ್, ಪೆಟ್ರೋಲ್ ಪಂಪ್, ಹಿಂದಿನ ದೀಪ ಎಲ್ಲ ಸೇರಿ 20 ದಾಟುತ್ತದೆ. 35 ಆಂಪಿಯರ್ ಅವರ್‌ನ ಹೊಸ ಬ್ಯಾಟರಿ ಕಾಗದದ ಮೇಲೆ ಒಂದೂವರೆ ಗಂಟೆ, ನಿಜದಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಮೂರು ವರ್ಷ ಹಳೇದಾದರೆ ಅದರ ಅರ್ಧವೂ ಅನುಮಾನ. ಹಗಲಾದರೆ ಹಾಡು, ಬ್ಲೋವರ್, ಮೊಬೈಲ್ ಚಾರ್ಜರ್ ಎಲ್ಲ ಬಂದ್ ಮಾಡಿ, ಮಧ್ಯೆ ಎಲ್ಲೂ ಇಂಜಿನ್ ಆಫ್ ಮಾಡದೆ ಹತ್ತಿರದ ಊರು ಸೇರಿಕೊಳ್ಳಿ. ರಾತ್ರಿ, ಮಂಜು, ಮಳೆ ಇದ್ದರೆ ಬೇಡ. ದೀಪವಿಲ್ಲದ ಗಾಡಿ ಎದುರಿನವರಿಗೆ ಕಾಣೋದಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ತುರ್ತಿಗೆ 112.

ಗ್ಯಾರೇಜಿಗೆ ಹೋದಾಗ ಬ್ಯಾಟರಿ ಬದಲಿಸಿ ಅಂತ ಹೇಳಬೇಡಿ, ಏನಾಯಿತು ಅಂತ ಹೇಳಿ: ಯಾವ ದೀಪ ಮೊದಲು ಬಂತು, ಹತ್ತುವಾಗಲೋ ನಿಂತಾಗಲೋ, ಸದ್ದು ಬಂತಾ, ಲೈಟ್ ಹಾಕಿದಾಗ ಹೆಚ್ಚಾಯಿತಾ. ಡೈನಮೋ ಕೆಲಸ ಮಾಡಿಸಿದರೆ ಮೊದಲಿನ ವೋಲ್ಟ್, ಆಮೇಲಿನ ವೋಲ್ಟ್ ಬಿಲ್ಲಿನಲ್ಲೇ ಬರೆಸಿಕೊಳ್ಳಿ, ತೆಗೆದ ಸಾಮಾನು ವಾಪಸ್ ಕೇಳಿ. ಇನ್ನು ಬೆಲ್ಟ್ ಬದಲಿಸಿದಾಗ ಹಳೇದರಲ್ಲಿ ಬಿರುಕಿಲ್ಲದಿದ್ದರೆ ಬಿಸಾಡಬೇಡಿ. ಒಂದು ಸ್ಪ್ಯಾನರ್ ಸೆಟ್, ಟಾರ್ಚ್, ಐದು ಲೀಟರ್ ನೀರಿನ ಕ್ಯಾನಿನ ಜೊತೆ ಅದನ್ನೂ ಗಾಡಿಯಲ್ಲೇ ಇಟ್ಟಿರಿ.